ಗಣಿ ಲೈನು, ರೈಲು ಲೈನು: ಚಿನ್ನದ ಗಣಿಯವನು ಮನೆಯಿಂದ ಎಷ್ಟು ದೂರ?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಕನ್ನಡ ಸಂಘದವರು ಹಾಸ್ಟೆಲ್‌ನ ಟಿವಿ ಹಾಲ್‌ನಲ್ಲಿ ‘ಕೆಜಿಎಫ್’ ಸಿನಿಮಾ ಹಾಕಿದ್ದೆವು. ಎಲ್ಲರೂ ನಾಲ್ಕೈದು ಸಲ ನೋಡಿದ್ದೇ, ಆದರೂ ಸೀಟಿಗೆ ಬರವಿರಲಿಲ್ಲ. ಬಾಗಿಲ ಹತ್ತಿರ ನಿಂತು ನಮ್ಮ ಸೆಕ್ಯುರಿಟಿ ಅಂಕಲ್ ಕೂಡ ನೋಡ್ತಿದ್ರು. ಮುಗಿದ ಮೇಲೆ “ಹೇಗಿತ್ತು ಅಂಕಲ್?” ಅಂತ ಕೇಳಿದ್ವಿ. “ಚೆನ್ನಾಗಿದೆ ಕಣಪ್ಪಾ. ಆದ್ರೆ ಶಿಫ್ಟ್ ಮುಗ್ಸಿ ಮನೆಗೆ ಹೋಗೋನು ಒಬ್ಬನೂ ಇಲ್ವಲ್ಲ ಅದ್ರಲ್ಲಿ. ನಾವು ಕೆಳಗೆ ಇಳಿದ ಮೇಲೆ ಯೋಚ್ನೆ ಮಾಡ್ತಿದ್ದಿದ್ದೇ ಅದೊಂದು” ಅಂದ್ರು.

ಎರಡು ವರ್ಷದಿಂದ ದಿನಾ ರಾತ್ರಿ ಗೇಟಲ್ಲಿ ನೋಡ್ತಿದ್ದ ಮನುಷ್ಯ. ಲೇಟಾಗಿ ಬಂದಾಗ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಳ್ಳೋದು ಬಿಟ್ಟರೆ ಅವರ ಬಗ್ಗೆ ನಮಗೇನೂ ಗೊತ್ತಿರಲಿಲ್ಲ. ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ಹದಿನಾರು ವರ್ಷ ನೆಲದಡಿ ಕೆಲಸ ಮಾಡಿದವರು ಅಂತ ಅವತ್ತೇ ತಿಳಿದಿದ್ದು. ಅವರಪ್ಪ, ತಾತ ಕೂಡ ಗಣಿಯವರೇ. ಮುತ್ತಾತ ಉತ್ತರ ಆರ್ಕಾಟ್ ಕಡೆಯಿಂದ ನಡೆದು ಬಂದವರಂತೆ. ಈಗ ಅಂಕಲ್ ಕೆಂಗೇರಿ ಉಪನಗರದ ಹತ್ತಿರ ಒಂದು ರೂಮಿನಲ್ಲಿ ಇನ್ನೂ ಮೂವರ ಜೊತೆ ಇರ್ತಾರೆ. ಮನೆ, ಹೆಂಡತಿ, ಮಗ, ಸೊಸೆ, ಮೊಮ್ಮಗಳು ಎಲ್ಲಾ ಅಲ್ಲೇ, ಕೆಜಿಎಫ್‌ನಲ್ಲಿ.

ಅಲ್ಲಿಂದ ಮುಂದಿನ ನಾಲ್ಕು ಗುರುವಾರದ ಓದು ಕೂಟಕ್ಕೆ ನಾವು ಇದೊಂದೇ ವಿಷಯ ಇಟ್ಟುಕೊಂಡೆವು: ಚಿನ್ನದ ಗಣಿ ಕೆಲಸಗಾರ ತನ್ನ ಮನೆಯಿಂದ ಎಷ್ಟು ದೂರ ಇದ್ದ, ಈಗ ಎಷ್ಟು ದೂರ ಇದ್ದಾನೆ. ಸಂಘದಲ್ಲಿ ಸಿವಿಲ್‌ನವರು, ಮೆಕ್ಯಾನಿಕಲ್‌ನವರು, ಒಂದಿಬ್ಬರು ಸಿಎಸ್‌ನವರು ಇರೋದರಿಂದ ಸ್ವಲ್ಪ ಲೆಕ್ಕವೂ ಸೇರಿಕೊಂಡಿದೆ. ಬೇಜಾರು ಮಾಡ್ಕೋಬೇಡಿ.

ಬಂದವರು ಯಾರು?

ಕೋಲಾರದ ನೆಲದಲ್ಲಿ ಚಿನ್ನ ಇದೆ ಅನ್ನೋದು ಊರವರಿಗೆ ಮೊದಲಿಂದಲೂ ಗೊತ್ತಿತ್ತು. 1802ರಲ್ಲಿ ಸರ್ವೆಗೆ ಬಂದ ಬ್ರಿಟಿಷ್ ಅಧಿಕಾರಿ ಜಾನ್ ವಾರೆನ್‌ಗೆ ಹಳ್ಳಿಯವರೇ ಗಾಡಿಯಲ್ಲಿ ಮಣ್ಣು ತಂದು, ತೊಳೆದು, ಚಿನ್ನದ ಕಣ ತೋರಿಸಿದ್ದರು. ಎಪ್ಪತ್ತು ವರ್ಷದ ನಂತರ, ಮೈಕೆಲ್ ಲ್ಯಾವೆಲ್ ಎಂಬ ಐರಿಶ್ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಗಣಿ ಅಗೆಯಲು ಅನುಮತಿ ಕೇಳಿದ. ನ್ಯೂಜಿಲೆಂಡ್‌ನಲ್ಲಿ ಇದ್ದಾಗ ಅಲ್ಲಿನ ಚಿನ್ನದ ಹುಚ್ಚನ್ನು ಕಣ್ಣಾರೆ ನೋಡಿ ಬಂದವನು. ಅವನಿಂದಾಗಿದ್ದು ಅಷ್ಟಕ್ಕಷ್ಟೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಕಥೆ ಬದಲಾಯಿತು. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಅಂತ ಒಂದರ ಪಕ್ಕ ಒಂದು ಗಣಿ ಎದ್ದವು. ಈ ನಾಲ್ಕರ ಹೆಸರು ನೆನಪಿಟ್ಟುಕೊಂಡರೆ ಸಾಕು.

ಕೆಲಸಕ್ಕೆ ಜನ ಬೇಕಲ್ಲ? ಸುತ್ತಲಿನ ಕೋಲಾರದ ರೈತರು ಗಣಿಗೆ ಅಷ್ಟಾಗಿ ಇಳಿಯಲಿಲ್ಲ. ಹೊಲ, ಕೆರೆ, ರಾಗಿ ಬಿಟ್ಟು ಕತ್ತಲಿಗೆ ಇಳಿಯುವ ಅಗತ್ಯ ಅವರಿಗೆ ಕಾಣಲಿಲ್ಲ. ಬಂದವರು ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ಭೂಮಿ ಇಲ್ಲದವರು. ಹೆಚ್ಚಿನವರು ದಲಿತರು. ಮೇಸ್ತ್ರಿಗಳು ಹಳ್ಳಿಗೆ ಹೋಗಿ, ಕೈಯಲ್ಲಿ ಮುಂಗಡ ಇಟ್ಟು ಕರೆದುಕೊಂಡು ಬರುತ್ತಿದ್ದರು. 1891ರಲ್ಲಿ ಸುಮಾರು 7 ಸಾವಿರ ಇದ್ದ ಕೆಜಿಎಫ್ ಜನಸಂಖ್ಯೆ 1901ರ ಹೊತ್ತಿಗೆ 38 ಸಾವಿರ ಮುಟ್ಟಿತು ಅಂದ್ರೆ ಎಷ್ಟು ಬೇಗ ಬಂದರು ಲೆಕ್ಕ ಹಾಕಿ.

ಇನ್ನೊಂದು ದಿಕ್ಕಿನಿಂದಲೂ ಮನೆ ಬಿಟ್ಟವರು ಬಂದರು. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. ಅಲ್ಲಿನ ಗಣಿ ಕೆಲಸಗಾರರು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಅಮೆರಿಕ ಅಂತ ಜಗತ್ತೆಲ್ಲ ಚದುರಿದರು. ಒಂದು ಪಾಲು ಕೋಲಾರಕ್ಕೂ ಬಂತು. ಅವರಿಗೂ ಮನೆ ನೆನಪು ಕಾಡಿರಲೇಬೇಕು. ಕಾಗದ ಹಡಗಿನಲ್ಲಿ ಹೋಗಿ ಮುಟ್ಟೋಕೆ ವಾರಗಟ್ಟಲೆ. ಆದರೆ ಅವರು ತಮ್ಮ ಊರನ್ನೇ ಇಲ್ಲಿ ಕಟ್ಟಿಕೊಂಡರು: ಹೆಂಚಿನ ಬಂಗಲೆ, ಚರ್ಚು, ಕ್ಲಬ್ಬು, ಗಾಲ್ಫ್ ಮೈದಾನ. ಜನ ಕೆಜಿಎಫ್‌ಗೆ ‘ಪುಟ್ಟ ಇಂಗ್ಲೆಂಡ್’ ಅಂತ ಕರೆದರು. ಆ ಪುಟ್ಟ ಇಂಗ್ಲೆಂಡಿನ ಬೇಲಿ ದಾಟಿದರೆ ಕೂಲಿ ಲೈನು. ಬಿದಿರು ತಟ್ಟಿಯ, ಒಂದೇ ಕೋಣೆಯ ಗುಡಿಸಲುಗಳ ಸಾಲು. ಬಗ್ಗಿ ಒಳಗೆ ಹೋಗಬೇಕು. ಒಂದೇ ಗಣಿ, ಇಬ್ಬರೂ ಮನೆ ಬಿಟ್ಟು ಬಂದವರು. ಆದರೆ ಊರನ್ನು ಜೊತೆಗೆ ತರುವ ಅನುಕೂಲ ಒಬ್ಬರಿಗೆ ಮಾತ್ರ ಇತ್ತು.

ಊರು ಅಂದ್ರೆ ಸಿಹಿನೇನಾ?

ನಾವು ಮೊದಲ ವಾರ ಬರೆದಿಟ್ಟ ಟಿಪ್ಪಣಿಯಲ್ಲಿ “ಹಳ್ಳಿಯ ಹಸಿರು, ತಾಯಿಯ ಮಡಿಲು ನೆನೆದು ಕಣ್ಣೀರಿಟ್ಟ ಕಾರ್ಮಿಕ” ಅಂತೆಲ್ಲ ಇತ್ತು. ಅಂಕಲ್‌ಗೆ ಓದಿ ಹೇಳಿದ್ವಿ. ಅವರು ನಕ್ಕುಬಿಟ್ರು. “ನಮ್ ಮುತ್ತಾತಂಗೆ ಆ ಊರಲ್ಲಿ ಚಪ್ಪಲಿ ಹಾಕ್ಕೊಂಡು ಬೀದೀಲಿ ನಡೆಯೋ ಹಂಗಿರಲಿಲ್ಲ. ನೆನಪಾಗ್ತಿತ್ತು ನಿಜ. ವಾಪಸ್ ಹೋಗ್ಬೇಕು ಅಂತ ಅಲ್ಲ.”

ಆ ಟಿಪ್ಪಣಿ ಹರಿದು ಹಾಕಿದೆವು. ಗಣಿಯ ಕೆಲಸ ಎಷ್ಟೇ ಕಷ್ಟದ್ದಾದರೂ ತಿಂಗಳ ಕೂಲಿ ನಗದಾಗಿ ಕೈಗೆ ಬರುತ್ತಿತ್ತು. ಊರ ಒಡೆಯನ ಮುಂದೆ ಕೈಕಟ್ಟಿ ನಿಲ್ಲಬೇಕಿರಲಿಲ್ಲ. ಹಾಗಂತ ಇಲ್ಲಿ ಜಾತಿ ಇರಲಿಲ್ಲ ಅಂತಲ್ಲ. ಆದರೂ ತಲೆ ಎತ್ತುವುದಕ್ಕೆ ಸ್ವಲ್ಪ ಜಾಗ ಇತ್ತು. ಪಂಡಿತ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಶಾಖೆ ಇತ್ತು ಅನ್ನೋದು ಸುಮ್ಮನೆ ಆದ ಸಂಗತಿಯಲ್ಲ. ಹಾಗಾಗಿ ಈ ಜನರ ಊರ ಹಂಬಲ ಎರಡು ಮೊನೆಯದ್ದು. ತಾಯಿ ಬೇಕು, ತಂಗಿ ಬೇಕು, ಮಾರಿ ಹಬ್ಬ ಬೇಕು. ಆ ಬೀದಿ ಬೇಡ.

ಅದಕ್ಕೆ ಅವರು ಕಂಡುಕೊಂಡ ದಾರಿ ಹೋಗಿ ಬಂದು ಮಾಡುವುದು. ಬಿತ್ತನೆಗೆ, ಕೊಯ್ಲಿಗೆ, ಮದುವೆಗೆ, ಸಾವಿಗೆ ಊರಿಗೆ ಹೋಗುವುದು, ಮತ್ತೆ ಬರುವುದು. ಬೌರಿಂಗ್‌ಪೇಟೆಯಿಂದ, ಅಂದ್ರೆ ಇವತ್ತಿನ ಬಂಗಾರಪೇಟೆಯಿಂದ, ಗಣಿಗೆ 1894ರಲ್ಲಿ ರೈಲು ಬಂದ ಮೇಲೆ ಇದು ಇನ್ನೂ ಸುಲಭವಾಯಿತು. ಹೋಗೋಕಾಗದೇ ಇದ್ದವರಿಗೆ ಮನಿಯಾರ್ಡರ್ ಇತ್ತು. ನಮ್ಮ ಅಂಚೆ ಇಲಾಖೆ ಮನಿಯಾರ್ಡರ್ ಶುರು ಮಾಡಿದ್ದೂ ಜಾನ್ ಟೇಲರ್ ಕಂಪನಿ ಬಂದ 1880ರಲ್ಲೇ. ಓದು ಬರಹ ಬಾರದವನಿಗೆ ಆ ಫಾರಂನ ತುದಿಯಲ್ಲಿ ಬೇರೆಯವರಿಂದ ಬರೆಸಿದ ಎರಡು ಸಾಲೇ ಕಾಗದ. “ನಾನು ಕ್ಷೇಮ, ಹಬ್ಬಕ್ಕೆ ಬರುತ್ತೇನೆ” ಅನ್ನೋದಕ್ಕಿಂತ ಹೆಚ್ಚಿಗೆ ಬರೆಯೋಕೆ ಜಾಗವೂ ಇರಲಿಲ್ಲ, ಬರೆಯುವವನ ಮುಂದೆ ಹೇಳಿಕೊಳ್ಳೋಕೆ ನಾಚಿಕೆ ಬೇರೆ.

ಕಂಪನಿಗಳಿಗೆ ಈ ಹೋಗಿ ಬಂದು ಮಾಡುವುದು ತಲೆನೋವು. ಹೇಳದೆ ಊರಿಗೆ ಹೋದವನು ತಿಂಗಳಾದ ಮೇಲೆ ಬಂದು ಪಕ್ಕದ ಗಣಿಯಲ್ಲಿ ಬೇರೆ ಹೆಸರು ಹೇಳಿ ಸೇರಿಕೊಂಡರೆ ಹಿಡಿಯೋದು ಹೇಗೆ? 1930ರಲ್ಲಿ ಎಲ್ಲರೂ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಬೇಕು ಅಂತ ಹೊಸ ನಿಯಮ ಬಂತು. ಸಾವಿರಾರು ಕಾರ್ಮಿಕರು ಮೂರು ವಾರ ಗಣಿಗೆ ಇಳಿಯಲಿಲ್ಲ. ಪುಸ್ತಕಗಳಲ್ಲಿ ಇದನ್ನು ಕಾರ್ಮಿಕ ಚಳವಳಿಯ ಅಧ್ಯಾಯವಾಗಿ ಓದುತ್ತೇವೆ, ಅದು ಸರಿಯೇ. ಬೆರಳಚ್ಚನ್ನು ಕಳ್ಳರಿಂದ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಅದು ಅವಮಾನವೂ ಹೌದು. ಆದರೆ ನಮಗೆ ಅನಿಸಿದ್ದು, ಅದರೊಳಗೆ ಇನ್ನೊಂದು ಜಗಳವೂ ಇತ್ತು. ಯಾರನ್ನೂ ಕೇಳದೆ ಮನೆಗೆ ಹೋಗಿ ಬರುವ ಸ್ವಾತಂತ್ರ್ಯದ ಜಗಳ.

ನೇರ ಕೆಳಕ್ಕೆ ಮೂರು ಕಿಲೋಮೀಟರ್

ಈಗ ಲೆಕ್ಕಕ್ಕೆ ಬರೋಣ. ಕಾಲ ಕಳೆದ ಹಾಗೆ ಹೆಂಡತಿ ಮಕ್ಕಳೂ ಲೈನಿಗೇ ಬಂದು ನೆಲೆಸಿದರು. ಹಾಗಾದ್ರೆ ದೂರ ಮುಗೀತಾ? ಇಲ್ಲ, ದಿಕ್ಕು ಬದಲಾಯಿತು ಅಷ್ಟೇ.

ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ವಿಜಯನಗರ ಮೆಟ್ರೋ ಸ್ಟೇಷನ್ನಿಂದ ಮೈಸೂರು ರಸ್ತೆ ಸ್ಟೇಷನ್ನಿಗೆ ಹೆಚ್ಚುಕಮ್ಮಿ ಅಷ್ಟೇ ದೂರ. ಅತ್ತಿಗುಪ್ಪೆ, ದೀಪಾಂಜಲಿನಗರ ದಾಟಿ ಹೋಗೋ ಆ ಹಳಿಯನ್ನ ಕಿತ್ತು ನೆಟ್ಟಗೆ ನೆಲದೊಳಗೆ ನಿಲ್ಲಿಸಿದ ಹಾಗೆ ಅಂದ್ಕೊಳ್ಳಿ. ಕೆಜಿಎಫ್ ಇರೋದು ಸಮುದ್ರ ಮಟ್ಟದಿಂದ ಒಂದು ಕಿಲೋಮೀಟರಿಗೂ ಕಡಿಮೆ ಎತ್ತರದಲ್ಲಿ. ಅಂದ್ರೆ ಗಣಿಯ ತಳ ಸಮುದ್ರ ಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ. ಒಂದೇ ಹಗ್ಗದಲ್ಲಿ ಅಷ್ಟು ಉದ್ದ ಕೇಜ್ ಇಳಿಸೋಕಾಗಲ್ಲ, ಹಗ್ಗದ ತೂಕವೇ ಹಗ್ಗವನ್ನು ತಿನ್ನುತ್ತೆ. ಹಾಗಾಗಿ ಒಂದು ಶಾಫ್ಟ್‌ನಲ್ಲಿ ಇಳಿದು, ನೆಲದಡಿಯಲ್ಲೇ ನಡೆದು, ಇನ್ನೊಂದು ಶಾಫ್ಟ್ ಹಿಡಿಯಬೇಕು. ನಮ್ಮ ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಿಸಿದ ಹಾಗೆ.

ಶಾಖದ ಲೆಕ್ಕ ನೋಡಿ. ಭೂಮಿಯೊಳಗೆ ಹೋದ ಹಾಗೆ ಬಂಡೆ ಬಿಸಿಯಾಗುತ್ತೆ, ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್. ಕೋಲಾರದ್ದು ತುಂಬಾ ಹಳೆಯ, ತಣ್ಣಗಾದ ಶಿಲೆ. ಅಲ್ಲಿ ಅದರ ಅರ್ಧದಷ್ಟೂ ಇಲ್ಲ ಅಂತಲೇ ಇಟ್ಟುಕೊಳ್ಳೋಣ, ಕಿಲೋಮೀಟರಿಗೆ 12 ಡಿಗ್ರಿ. ಮೇಲಿನ ನೆಲ 27 ಡಿಗ್ರಿ, ಅದಕ್ಕೆ 3.2 ಗುಣಿಸು 12 ಕೂಡಿಸಿ. 65 ಡಿಗ್ರಿ! ಕೈ ಇಟ್ಟರೆ ಸುಡುವ ಬಂಡೆ. ಭೂಮಿ ಕೋಲಾರದವರಿಗೆ ರಿಯಾಯಿತಿ ಕೊಟ್ಟ ಮೇಲೂ ಇದು.

ಮೇಲಿಂದ ಗಾಳಿ ಕಳಿಸಬಹುದಲ್ಲ ಅಂತ ನಮ್ಮ ಒಬ್ಬ ಜೂನಿಯರ್ ಕೇಳಿದ. ಒಳ್ಳೆ ಪ್ರಶ್ನೆ. ನಂದಿ ಬೆಟ್ಟ ಹತ್ತಿದ್ರೆ ತಂಪಾಗುತ್ತೆ ಯಾಕೆ? ಮೇಲೆ ಹೋದ ಗಾಳಿ ಹಿಗ್ಗಿ ತಣ್ಣಗಾಗುತ್ತೆ. ಅದನ್ನೇ ಉಲ್ಟಾ ಮಾಡಿ. ಕೆಳಗೆ ಇಳಿದ ಗಾಳಿ ತನ್ನ ಮೇಲಿನ ಗಾಳಿಯ ಭಾರಕ್ಕೇ ಕುಗ್ಗಿ ಬಿಸಿಯಾಗುತ್ತೆ, ಒಣ ಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಅಂದ್ರೆ ತಂಪು ಮಾಡೋಕೆ ಕಳಿಸಿದ ಗಾಳಿ ತಳ ಮುಟ್ಟೋ ಹೊತ್ತಿಗೆ ತಾನೇ ಕುದಿ ಬಂದಿರುತ್ತೆ. ಹಾಗಾಗಿ ಗಣಿಯವರು ದೊಡ್ಡ ದೊಡ್ಡ ತಂಪುಕಾರಿ ಯಂತ್ರ ಹಾಕಬೇಕಾಯಿತು. ಆ ಯಂತ್ರ, ಆ ಕೇಜು, ಆ ಪಂಪು ಎಲ್ಲಕ್ಕೂ ಕರೆಂಟ್ ಬೇಕು. ಶಿವನಸಮುದ್ರದಿಂದ ಕೆಜಿಎಫ್‌ಗೆ 147 ಕಿಲೋಮೀಟರ್ ಲೈನ್ ಎಳೆದು 1902ರಲ್ಲೇ ವಿದ್ಯುತ್ ಕೊಟ್ಟಿದ್ದರು. ಬೆಂಗಳೂರಿನ ಬೀದಿಗೆ ಲೈಟು ಬಂದಿದ್ದು 1905ರಲ್ಲಿ. ಇಇಇಯವರು ಇದನ್ನ ಪ್ರತಿ ಕಾಲೇಜ್ ಫೆಸ್ಟ್‌ನಲ್ಲೂ ಹೆಮ್ಮೆಯಿಂದ ಹೇಳ್ತಾರೆ. ಹೇಳಲಿ. ಗಣಿಗೆ ಕರೆಂಟ್ ಬಂದ ಕಾಲಕ್ಕೆ ಕೂಲಿ ಲೈನಿನ ತಟ್ಟಿ ಮನೆಗಳಲ್ಲಿ ಬುಡ್ಡಿ ದೀಪವೇ ಇತ್ತು ಅನ್ನೋದನ್ನೂ ಸೇರಿಸಿ ಹೇಳಿದರೆ ಪೂರ್ತಿಯಾಗುತ್ತೆ.

ಇನ್ನು ಭಾರ. ಸಿವಿಲ್‌ನವರಿಗೆ ಇದು ಬಾಯಿ ಲೆಕ್ಕ. ಬಂಡೆಯ ಸಾಂದ್ರತೆ ಘನ ಮೀಟರಿಗೆ 2,900 ಕಿಲೋ, ಗುರುತ್ವ 9.8, ಆಳ 3,200 ಮೀಟರ್. ಮೂರನ್ನೂ ಗುಣಿಸಿದರೆ ಸುಮಾರು 90 ಮೆಗಾಪ್ಯಾಸ್ಕಲ್. ನಮ್ಮ ಹಾಸ್ಟೆಲ್ ಕಟ್ಟಿದಂಥ ಎಂ-25 ಕಾಂಕ್ರೀಟ್ 25 ಮೆಗಾಪ್ಯಾಸ್ಕಲ್‌ಗೆ ಪುಡಿಯಾಗುತ್ತೆ. ಅಂಥ ಒತ್ತಡದಲ್ಲಿರುವ ಬಂಡೆಯಲ್ಲಿ ಸುರಂಗ ಕೊರೆದರೆ ಆ ಭಾರವೆಲ್ಲ ಸುರಂಗದ ಅಂಚಿಗೆ ಬಂದು ಕೂರುತ್ತೆ. ಬಂಡೆ ಗಟ್ಟಿಯಾದಷ್ಟೂ ಹೆಚ್ಚು ಹೊತ್ತು ತಡೆದುಕೊಂಡು, ಕೊನೆಗೆ ಬಾಂಬಿನ ಹಾಗೆ ಸಿಡಿಯುತ್ತೆ. ಪುಸ್ತಕದಲ್ಲಿ ಇದಕ್ಕೆ ರಾಕ್ ಬರ್ಸ್ಟ್ ಅಂತಾರೆ. ಗಣಿಯ ಹಳಬರು ‘ಏರ್ ಬ್ಲಾಸ್ಟ್’ ಅಂತಿದ್ರು. ಅದು ಬಂದು ಅಪ್ಪಳಿಸಿದ್ದು ಗಾಳಿಯೇ ಅಂತ ಅವರಿಗೆ ಅನಿಸಿತ್ತು. ಬಂಡೆಗಳ ಈ ಗುಣವನ್ನು ಓದಲಿಕ್ಕೆಂದೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿತು.

ಕೆಳಗೆ ಬಂಡೆ ಸಿಡಿದರೆ ಮೇಲೆ ಊರು ಅದುರುತ್ತಿತ್ತು. ಅಂಕಲ್ ಹೇಳಿದ್ದು: “ಮನೇಲಿ ಗೂಡಲ್ಲಿಟ್ಟ ಲೋಟ ಗಲಗಲ ಅಂತಿತ್ತು. ಅಮ್ಮ ಒಲೆ ಮೇಲಿದ್ದಿದ್ದನ್ನ ಹಂಗೇ ಬಿಟ್ಟು ಓಡೋಳು. ಅಕ್ಕಪಕ್ಕದವರೂ ಅಷ್ಟೇ, ಯಾರೂ ಏನೂ ಮಾತಾಡ್ತಿರಲಿಲ್ಲ. ಶಾಫ್ಟ್ ಹತ್ರ ಹೋಗಿ ನಿಂತ್ಕೊಳ್ಳೋದು. ಕೇಜ್ ಮೇಲೆ ಬಂದಾಗಲೆಲ್ಲ ಮುಖ ಎಣಿಸೋದು. ಅಪ್ಪ ಬಂದ್ರೆ ಅಮ್ಮ ಒಂದು ಮಾತೂ ಆಡ್ದೆ ಹಿಂದಕ್ಕೆ ತಿರುಗಿ ಮನೆಗೆ ಬಂದ್ಬಿಡೋಳು. ಸಾರು ಸೀದೋಗಿದ್ರೆ ಅಪ್ಪಂಗೇ ಬೈಯೋಳು.”

ಮದ್ರಾಸ್ ಪ್ರಾಂತ್ಯದ ಹಳ್ಳಿಯಲ್ಲಿದ್ದ ಹೆಂಡತಿಗೆ ಗಂಡ ಇನ್ನೂರು ಕಿಲೋಮೀಟರ್ ದೂರ ಇದ್ದ, ಕಾಗದ ಬರೋವರೆಗೆ ಏನೂ ಗೊತ್ತಾಗುತ್ತಿರಲಿಲ್ಲ. ಲೈನಿನಲ್ಲಿದ್ದ ಹೆಂಡತಿಗೆ ಗಂಡ ಮೂರೇ ಕಿಲೋಮೀಟರ್ ದೂರ, ಲೋಟ ಅಲುಗಿದರೆ ಗೊತ್ತಾಗುತ್ತಿತ್ತು. ಯಾವುದು ಹೆಚ್ಚು ದೂರ ಅಂತ ನಮ್ಮ ಕೂಟದಲ್ಲಿ ಒಂದು ಗಂಟೆ ವಾದ ನಡೆಯಿತು. ತೀರ್ಮಾನ ಆಗಲಿಲ್ಲ.

ಇಷ್ಟಲ್ಲದೆ ದೂಳು. ಕೋಲಾರದ ಚಿನ್ನ ಇದ್ದದ್ದು ಬೆಣಚು ಕಲ್ಲಿನ ಪದರದಲ್ಲಿ. ಬೆಣಚು ಅಂದ್ರೆ ಸಿಲಿಕಾ. ಡ್ರಿಲ್ ಹಾಕಿದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣೋದು ಅಷ್ಟು ಅಪಾಯದ್ದಲ್ಲ, ಅದು ಮೂಗಲ್ಲೇ ನಿಲ್ಲುತ್ತೆ. ಐದು ಮೈಕ್ರಾನ್‌ಗಿಂತ ಸಣ್ಣದು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಕೂತು, ಸುತ್ತ ಗಾಯ ಕಟ್ಟುತ್ತೆ. ಇದೇ ಸಿಲಿಕೋಸಿಸ್. ನೀರು ಬಿಟ್ಟುಕೊಂಡು ಡ್ರಿಲ್ ಮಾಡಿದರೆ ದೂಳು ಅಡಗುತ್ತೆ ನಿಜ, ಆದರೆ ಅಷ್ಟು ಶಾಖದಲ್ಲಿ ನೀರು ಆವಿಯಾಗಿ ಸೆಕೆ ಹೆಚ್ಚಿ, ಬೆವರು ಆರದೆ ಮನುಷ್ಯ ಕುಸಿದು ಬೀಳ್ತಾನೆ. ದೂಳೋ, ಸೆಕೆಯೋ? ಯಾವ ಡಿಸೈನ್ ಪ್ರಾಬ್ಲಂ ಬಿಡಿಸೋವಾಗಲೂ ನಮಗೆ ಇಷ್ಟು ಕೆಟ್ಟ ಆಯ್ಕೆ ಎದುರಾಗಿರಲಿಲ್ಲ. ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್‌ಗೆ ಪರಿಹಾರದ ನಿಯಮ ತಂದಿತು, ನಮ್ಮ ದೇಶದಲ್ಲಿ ತುಂಬಾ ಮೊದಲೇ ಆದ ಕೆಲಸ ಅದು. ಆದರೆ ಈ ರೋಗ ತಲೆ ಎತ್ತೋದು ಎಷ್ಟೋ ಸಲ ಹತ್ತಿಪ್ಪತ್ತು ವರ್ಷದ ಮೇಲೆ. ಕೆಲಸ ಬಿಟ್ಟು ಊರಿಗೆ ಮರಳಿದವನ ಎದೆಯಲ್ಲಿ ಗಣಿಯೂ ಮರಳಿ ಹೋಗುತ್ತಿತ್ತು. ಅಂಕಲ್ ತಂದೆ ಕೊನೆ ಆರು ವರ್ಷ ಕೂತೇ ನಿದ್ದೆ ಮಾಡಿದರಂತೆ, ಮಲಗಿದರೆ ಉಸಿರು ಕಟ್ಟೋದು. ಊರ ಡಾಕ್ಟರು ಟಿಬಿ ಅಂದುಕೊಂಡು ಮಾತ್ರೆ ಕೊಟ್ಟರು.

ಇದೇ ಆಳದ ಕತ್ತಲೆಯಲ್ಲಿ, 2.3 ಕಿಲೋಮೀಟರ್ ಕೆಳಗೆ, 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು ಜಗತ್ತಿನಲ್ಲೇ ಮೊದಮೊದಲು ಪತ್ತೆ ಹಚ್ಚಿದವರಲ್ಲಿ ಸೇರಿದರು. ಬೇರೆ ಬಹುತೇಕ ಎಲ್ಲಾ ಕಣಗಳನ್ನೂ ಬಂಡೆ ತಡೆಯುತ್ತೆ, ನ್ಯೂಟ್ರಿನೋ ದಾಟಿ ಬರುತ್ತೆ. ಈ ವಿಷಯಕ್ಕೆ ಇನ್ನೊಂದು ಲೇಖನವೇ ಬೇಕು, ಫಿಸಿಕ್ಸ್ ಸೈಕಲ್‌ನವರು ಬರೆದುಕೊಡಲಿ.

ತವರು ಅನ್ನೋ ಪದ

ನಮ್ಮದು ಕನ್ನಡ ಸಂಘವಾದ್ದರಿಂದ ಪದದ ಬಗ್ಗೆ ಮಾತಾಡದೆ ಬಿಡೋಕಾಗಲ್ಲ. ಮನೆಯ ಹಂಬಲಕ್ಕೆ ಕನ್ನಡದಲ್ಲಿ ಏನಂತೀವಿ? ಮೊದಲು ನೆನಪಾಗೋದು ತವರು. ನಮ್ಮ ಗರತಿಯರ ಹಾಡುಗಳಲ್ಲಿ ತವರಿನ ಹಂಬಲದಷ್ಟು ದೊಡ್ಡ ಸಂಗತಿ ಇನ್ನೊಂದಿಲ್ಲ. ಆದರೆ ಅದು ಹೆಣ್ಣಿನ ಪದ. ಗಂಡಸಿಗೆ ತವರಿಲ್ಲ. ಅವನು ಹುಟ್ಟಿದ ಮನೆಯಲ್ಲೇ ಇರ್ತಾನೆ ಅಂತ ಭಾಷೆ ನಂಬಿಕೊಂಡಿದೆ. ಹೊಟ್ಟೆಪಾಡಿಗೆ ದೂರ ಹೋದ ಗಂಡಸಿಗೆ ಇರೋದು ‘ಊರ ನೆನಪು’, ‘ಮನೆ ಕಡೆ ಯೋಚ್ನೆ’. ಅದೂ ಆಗದಿದ್ದರೆ ‘ಏನೋ ಬೇಜಾರು’. ಅಂಕಲ್ ಬಳಸೋದು ಈ ಕೊನೆಯದನ್ನೇ. ಸೋಮವಾರ ರಾತ್ರಿ ಕೇಳಿದ್ರೆ “ಏನೋ ಬೇಜಾರಪ್ಪ” ಅಂತಾರೆ. ಗುರುವಾರಕ್ಕೆ ಸರಿ ಹೋಗಿರುತ್ತೆ. ಶುಕ್ರವಾರದಿಂದ ಮುಖದಲ್ಲಿ ಬೇರೆ ಕಳೆ.

ಹೋಗುವುದಕ್ಕೆ ಮಾತ್ರ ಕನ್ನಡದಲ್ಲಿ ಗಟ್ಟಿ ಪದ ಇದೆ: ಗುಳೆ. ಉತ್ತರ ಕರ್ನಾಟಕದ ನಮ್ಮ ಗೆಳೆಯರಿಗೆ ಇದು ವಿವರಿಸಬೇಕಾಗಿಲ್ಲ. ಕೆಂಗೇರಿ, ರಾಜರಾಜೇಶ್ವರಿನಗರದ ಕಡೆ ಏಳುತ್ತಿರುವ ಅಪಾರ್ಟ್‌ಮೆಂಟ್‌ಗಳ ಪಕ್ಕ ನೀಲಿ ಟಾರ್ಪಾಲಿನ ಶೆಡ್‌ಗಳಿವೆಯಲ್ಲ, ಅಲ್ಲಿ ಹೋಗಿ ಯಾವೂರು ಅಂತ ಕೇಳಿ ನೋಡಿ. ರಾಯಚೂರು, ಯಾದಗಿರಿ, ಲಿಂಗಸುಗೂರು ಅಂತಾರೆ. ಲಿಂಗಸುಗೂರು ತಾಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇರೋದು. ಇವತ್ತು ದೇಶದಲ್ಲಿ ನೆಲದಿಂದ ಚಿನ್ನ ತೆಗೆಯುವ ಮುಖ್ಯ ಜಾಗ ಅದು. ಆ ಸೀಮೆಯಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಗಣಿ ಅಗೆದಿದ್ದಾರೆ. ಅಶೋಕನ ಮಸ್ಕಿ ಶಾಸನವನ್ನು 1915ರಲ್ಲಿ ಕಂಡವನೂ ಚಿನ್ನ ಹುಡುಕಿಕೊಂಡು ಬಂದ ಬೀಡನ್ ಎಂಬ ಗಣಿ ಎಂಜಿನಿಯರ್. ಚಿನ್ನ ಇರುವ ತಾಲೂಕಿನ ಜನ ಗಾರೆ ಹೊರಲು ನೂರಾರು ಕಿಲೋಮೀಟರ್ ದೂರ ಬರ್ತಾರೆ. ಒಂದು ಟನ್ ಕಲ್ಲು ಅರೆದರೆ ಸಿಗೋದು ಕೆಲವೇ ಗ್ರಾಂ ಚಿನ್ನ. ಅದರಿಂದ ಎಷ್ಟು ಮನೆ ನಡೆಯುತ್ತೆ ಹೇಳಿ.

2001ರ ನಂತರ

ಕೆಜಿಎಫ್ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಆಳ ಹೆಚ್ಚಿದ ಹಾಗೆ ಖರ್ಚು ಹೆಚ್ಚಿ, ಅದಿರಿನಲ್ಲಿ ಚಿನ್ನ ಕಡಿಮೆಯಾಗಿ, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಹೊರಬಂದ ಚಿನ್ನ 800 ಟನ್‌ಗೂ ಹೆಚ್ಚು. ಉಳಿದಿದ್ದು ಚಿನ್ನ ತೆಗೆದು ಬಿಸಾಕಿದ ಪುಡಿಯ ಸಯನೈಡ್ ಗುಡ್ಡಗಳು, 3 ಕೋಟಿ ಟನ್ನಿಗೂ ಮಿಕ್ಕಿ. ಸಿನಿಮಾದಲ್ಲಿ ನೀವು ನೋಡಿದ ಜಾಗವೇ.

ಅವತ್ತು ಅಂಕಲ್‌ಗೆ ಮೂವತ್ತಾರು ವರ್ಷ. ಗೊತ್ತಿದ್ದ ಕೆಲಸ ಒಂದೇ, ಬಂಡೆಗೆ ಡ್ರಿಲ್ ಹಾಕುವುದು. ಕೆಜಿಎಫ್ ಊರು ಖಾಲಿಯಾಗಲಿಲ್ಲ. ನಾಲ್ಕು ತಲೆಮಾರು ಹುಟ್ಟಿ ಬೆಳೆದ ಲೈನು ಬಿಟ್ಟು ಎಲ್ಲಿಗೆ ಹೋಗೋದು? ಉತ್ತರ ಆರ್ಕಾಟಿನ ಹಳ್ಳಿಯ ಹೆಸರೇ ಎಷ್ಟೋ ಮನೆಗಳಲ್ಲಿ ಮರೆತುಹೋಗಿದೆ. ಮುತ್ತಾತ ಮನೆ ಬಿಟ್ಟು ಕೆಲಸ ಹುಡುಕಿಕೊಂಡು ಬಂದ ಜಾಗವೇ ಈಗ ಮನೆ. ಕೆಲಸ ಇನ್ನೊಂದು ಕಡೆ. ದೂರ ಹಾಗೇ ಇದೆ, ತುದಿಗಳು ಅದಲು ಬದಲಾದವು.

ಹೀಗೆ ಹುಟ್ಟಿಕೊಂಡಿದ್ದು ದಿನಾ ಬೆಳಗ್ಗೆ ಕತ್ತಲಲ್ಲೇ ಮಾರಿಕುಪ್ಪಂನಿಂದ ಹೊರಡುವ ರೈಲು ತುಂಬುವ ಜನ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಹತ್ತಿಕೊಂಡು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್. ರಾತ್ರಿ ಅದೇ ದಾರಿಯಲ್ಲಿ ವಾಪಸ್. ಮಕ್ಕಳನ್ನು ಎದ್ದಿರುವಾಗ ನೋಡೋದು ಭಾನುವಾರ ಮಾತ್ರ ಅನ್ನೋದು ಅಲ್ಲಿ ಮಾಮೂಲಿ ಮಾತು.

ಇಲ್ಲಿ ನಮ್ಮ ಪಶ್ಚಿಮ ಬೆಂಗಳೂರಿನ ಒಂದು ವಿಶೇಷ ಇದೆ. ರೈಲು ಬರೋದು ಪೂರ್ವದಿಂದ. ವೈಟ್‌ಫೀಲ್ಡ್, ಕೃಷ್ಣರಾಜಪುರದಲ್ಲಿ ಕೆಲಸ ಇದ್ದವರು ಮೊದಲೇ ಇಳಿದುಬಿಡ್ತಾರೆ. ದಿನಾ ಹೋಗಿ ಬರೋದು ಕಷ್ಟ, ಆದರೂ ಆಗುತ್ತೆ. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನು, ಕಾಮಾಕ್ಷಿಪಾಳ್ಯದ ವರ್ಕ್‌ಶಾಪು, ಬಸವೇಶ್ವರನಗರದ ಅಂಗಡಿ, ಕೆಂಗೇರಿಯ ಕಾಲೇಜು ಅಂದ್ರೆ ಮೆಜೆಸ್ಟಿಕ್‌ವರೆಗೆ ಬಂದು, ಅಲ್ಲಿಂದ ಮತ್ತೆ ಮುಂದಕ್ಕೆ. ಕೆಂಗೇರಿಗೆ 2021ರಲ್ಲಿ ಮೆಟ್ರೋ ಬಂದ ಮೇಲೂ ಒಂದು ಕಡೆಗೇ ಮೂರೂವರೆ ಗಂಟೆ ಹಿಡಿಯುತ್ತೆ. ಹನ್ನೆರಡು ಗಂಟೆ ಡ್ಯೂಟಿಗೆ ಏಳು ಗಂಟೆ ಪ್ರಯಾಣ ಸೇರಿಸಿ, ಉಳಿಯೋದು ಐದು. ಹಾಗಾಗಿ ನಮ್ಮ ಕಡೆ ಕೆಲಸ ಸಿಕ್ಕವನು ದಿನದ ಪ್ರಯಾಣಿಕನಾಗಿ ಉಳಿಯೋಕಾಗಲ್ಲ, ರೂಮು ಹಿಡಿಯಬೇಕು. ನಗರದ ಯಾವ ಮಗ್ಗುಲಲ್ಲಿ ಕೆಲಸ ಸಿಕ್ತು ಅನ್ನೋದರ ಮೇಲೆ ಒಬ್ಬ ಮನುಷ್ಯ ರಾತ್ರಿ ಮನೆಯಲ್ಲಿ ಮಲಗ್ತಾನಾ ಇಲ್ವಾ ಅನ್ನೋದು ನಿಂತಿದೆ. ಅಂಕಲ್ ತಮ್ಮ ವೈಟ್‌ಫೀಲ್ಡ್‌ನಲ್ಲಿ ಹೌಸ್‌ಕೀಪಿಂಗ್, ದಿನಾ ಮನೆಗೆ ಹೋಗ್ತಾರೆ. ಅಂಕಲ್ ವಾರಕ್ಕೊಮ್ಮೆ.

ಕೊನೆಯ ವಾರ ನಾವು ಐದು ಜನ ಅವರ ಜೊತೆಗೇ ಹೊರಟೆವು. ಶನಿವಾರ ಮಧ್ಯಾಹ್ನ ಕೆಂಗೇರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ರೈಲು ಹಿಡಿದೆವು. ಕೂರೋಕೆ ಜಾಗ ಇರಲಿಲ್ಲ. ಕೆಳಗೆ ಪೇಪರ್ ಹಾಸಿಕೊಂಡು ಇಸ್ಪೀಟ್ ಆಡೋರು, ಹೂವು ಕಟ್ಟೋರು, ನಿಂತೇ ನಿದ್ದೆ ಹೊಡೆಯೋರು. ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲಾ ಒಂದೇ ವಾಕ್ಯದಲ್ಲಿ. ಅಂಕಲ್ ಬಾಗಿಲ ಪಕ್ಕ ಕಂಬಿಗೆ ಒರಗಿ ಕಣ್ಣು ಮುಚ್ಚಿದವರು ಬಂಗಾರಪೇಟೆಯಲ್ಲೂ ಎಚ್ಚರಾಗಲಿಲ್ಲ. ಕೋರಮಂಡಲ್ ಬರೋಕೆ ಒಂದು ನಿಮಿಷ ಇದೆ ಅನ್ನುವಾಗ ತಾವೇ ಎದ್ದು ಕೂದಲು ಬಾಚಿಕೊಂಡರು.

ಮನೆ ಸಣ್ಣದು. ಹಳೆಯ ಲೈನ್ ಮನೆಗೆ ಮುಂದೊಂದು ಶೀಟಿನ ಕೋಣೆ ಸೇರಿಸಿದ್ದಾರೆ. ಗಾಳಿ ಬೀಸಿದರೆ ಸಯನೈಡ್ ಗುಡ್ಡದ ಬಿಳಿ ಪುಡಿ ಒಳಗೇ ಬರುತ್ತೆ, ಅದಕ್ಕೆ ನೀರಿನ ಡ್ರಮ್ಮಿಗೆ ಯಾವಾಗಲೂ ಬಟ್ಟೆ ಮುಚ್ಚಿರುತ್ತಾರೆ. ಆಂಟಿ ನಮಗೆಲ್ಲ ಊಟ ಬಡಿಸುತ್ತಾ, “ಇವ್ರು ಅಲ್ಲಿ ಸರಿಯಾಗಿ ಊಟ ಮಾಡ್ತಾರಾ?” ಅಂತ ಕೇಳಿದರು. ನಮಗೆ ನಿಜವಾಗ್ಲೂ ಗೊತ್ತಿರಲಿಲ್ಲ. “ಮಾಡ್ತಾರೆ ಆಂಟಿ” ಅಂದ್ವಿ.

ಭಾನುವಾರ ಮಧ್ಯಾಹ್ನ ಹೊರಡೋ ಹೊತ್ತಿಗೆ ಅಂಕಲ್‌ನ ಒಂದು ಚಪ್ಪಲಿ ಇರಲಿಲ್ಲ. ಮಂಚದ ಕೆಳಗೆ, ಶೀಟಿನ ಕೋಣೆಯಲ್ಲಿ, ಬೀದಿಯಲ್ಲಿ ಎಲ್ಲಾ ಹುಡುಕಿದೆವು. ನಾಲ್ಕು ವರ್ಷದ ಮೊಮ್ಮಗಳು ಬಾಗಿಲಲ್ಲಿ ನಿಂತು, ತನಗೇನೂ ಗೊತ್ತಿಲ್ಲ ಅನ್ನೋ ಹಾಗೆ ಫ್ರಾಕಿನ ಗುಂಡಿ ಜಗಿಯುತ್ತಿದ್ದಳು. ಮನೆಯಲ್ಲಿ ಯಾರೂ ಅವಳನ್ನು ಕೇಳಲಿಲ್ಲ, ಅಂಕಲ್ ಕೂಡ. ಅವರು ಸೀದಾ ಹೋಗಿ ನೀರಿನ ಡ್ರಮ್ಮಿನ ಹಿಂದೆ ಕೈ ಹಾಕಿ ಚಪ್ಪಲಿ ತೆಗೆದು, ಕೊಡವಿ, ಹಾಕಿಕೊಂಡರು. “ಪ್ರತಿ ವಾರ ಇಲ್ಲೇ ಇಡ್ತಾಳೆ” ಅಂದರು.